ಮಿತಿಯ ಧರ್ಮ: ಅಂತರ್ಜಾಲವೂ ಮಕ್ಕಳ ರಕ್ಷಣೆಯೂ

ಕಲ್ಯಾಣದ ಶರಣರಲ್ಲಿ ಆಯ್ದಕ್ಕಿಯ ಮಾರಯ್ಯನವರದು ಕಡುಬಡತನದ ಬಾಳು. ಚೆಲ್ಲಿದ ಅಕ್ಕಿಯ ಕಾಳುಗಳನ್ನು ಆಯ್ದು ತರುವುದೇ ಅವರ ಕಾಯಕ. ಆ ಅಕ್ಕಿಯಿಂದಲೇ ಜಂಗಮ ದಾಸೋಹ, ಅದರ ಶೇಷವೇ ಪ್ರಸಾದ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಸತಿ ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಇಂದು ಇಷ್ಟೇಕೆ ಹೆಚ್ಚಾಯಿತು, ಇದು ಕಾಯಕದ ಫಲವೋ ಆಸೆಯ ಫಲವೋ ಎಂದು ವಿಚಾರಿಸಿ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರೆಂಬುದು ಪರಂಪರೆಯಿಂದ ಬಂದ ಕಥನ.

ಈ ಕಥನದಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮಾರಯ್ಯನವರು ಕಳವು ಮಾಡಿದವರಲ್ಲ. ನೆಲದ ಮೇಲೆ ಬಿದ್ದಿದ್ದ ಅಕ್ಕಿಯನ್ನೇ ಆಯ್ದಿದ್ದರು. ಆದರೂ ಅಗತ್ಯಕ್ಕೆ ಮೀರಿದುದು ಆಸೆಗೆ ಸೇರಿದುದೆಂಬುದು ಲಕ್ಕಮ್ಮನವರ ನಿರ್ಣಯ. ಇನ್ನು ಎರಡನೆಯದು, ಪ್ರಶ್ನೆಗೊಳಗಾದವರು ಕೋಪಿಸಿಕೊಳ್ಳಲಿಲ್ಲ. ಅಕ್ಕಿಯನ್ನು ಹೊತ್ತು ಹಿಂದಿರುಗಿದರು. ಮಿತಿಯೆಂಬುದು ಧರ್ಮವಾಗಬೇಕಾದರೆ ಕೇಳುವವರೂ ಇರಬೇಕು, ಕೇಳಿಸಿಕೊಳ್ಳುವವರೂ ಇರಬೇಕು. ಇಂದು ಮಕ್ಕಳು ಅಂತರ್ಜಾಲವೆಂಬ ವಿಶಾಲವಾದ ಅಂಗಳದಲ್ಲಿ ಆಡುತ್ತಿದ್ದಾರೆ. ಅಲ್ಲಿ ಲಕ್ಕಮ್ಮನವರ ಈ ಪ್ರಶ್ನೆಯನ್ನು ಯಾರು ಯಾರಿಗೆ ಕೇಳಬೇಕೆಂಬುದು ಸದ್ಭಕ್ತರೆಲ್ಲರೂ ವಿಚಾರಿಸತಕ್ಕ ವಿಷಯವಾಗಿದೆ.

ಅಂತರ್ಜಾಲವು ಸ್ವತಃ ದುಷ್ಟವಾದುದಲ್ಲ. ಒಂದು ಕಾಲದಲ್ಲಿ ಮಠಗಳ ತಾಳೆಯೋಲೆಯ ಕಟ್ಟುಗಳಲ್ಲಿ ಅಡಗಿದ್ದ ವಚನಗಳನ್ನು ಇಂದು ಯಾವ ಹಳ್ಳಿಯ ಬಾಲಕನಾದರೂ ಅಂಗೈಯ ಫೋನಿನಲ್ಲಿ ಓದಬಲ್ಲನು. 2020ರಲ್ಲಿ ಕೋವಿಡ್ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಅಸಂಖ್ಯ ಮಕ್ಕಳಿಗೆ ಪಾಠವು ತಲುಪಿದುದು ಮೊಬೈಲಿನ ಮೂಲಕವೇ. ಮಕ್ಕಳಿಗೆ ಫೋನು ಬೇಡವೆನ್ನುತ್ತಿದ್ದ ತಂದೆತಾಯಿಗಳೇ ಅಂದು ಸಾಲಮಾಡಿ ಅದನ್ನು ಕೊಡಿಸಿದರು. ಆದುದರಿಂದ ಇದು ಮಕ್ಕಳು ತಾವಾಗಿ ಹಿಡಿದ ಹಾದಿಯೆಂದು ದೂರುವುದು ನ್ಯಾಯವಲ್ಲ. ಹಿರಿಯರೇ ಕೈಹಿಡಿದು ತಂದು ಬಿಟ್ಟ ಹಾದಿಯಿದು. ತಂದುಬಿಟ್ಟವರು ಆ ಹಾದಿಯಲ್ಲಿ ಹಳ್ಳವೆಲ್ಲಿದೆ, ಹಾವೆಲ್ಲಿದೆ ಎಂದು ನೋಡಿದರೇ ಎಂಬುದು ಮಾತ್ರ ಉಳಿದ ಪ್ರಶ್ನೆ.

ಷಟ್‌ಸ್ಥಲ ಶಾಸ್ತ್ರವು ಇಂದ್ರಿಯಗಳನ್ನು ಶತ್ರುಗಳೆಂದು ಬಗೆಯುವುದಿಲ್ಲ. ಕಣ್ಣು ಕಂಡ ರೂಪವನ್ನು ಶಿವಲಿಂಗಕ್ಕೂ, ಕಿವಿ ಕೇಳಿದ ಶಬ್ದವನ್ನು ಪ್ರಸಾದಲಿಂಗಕ್ಕೂ ಅರ್ಪಿಸಬೇಕೆಂದು ಅದು ವಿಧಿಸುತ್ತದೆ. ಅರ್ಪಿತವಾದ ಪದಾರ್ಥವು ಪ್ರಸಾದವಾಗುತ್ತದೆ. ಬಾಯಿಂದ ಉಣ್ಣುವುದು ಮಾತ್ರವೇ ಆಹಾರವಲ್ಲ. ಕಣ್ಣಿನಿಂದಲೂ ಕಿವಿಯಿಂದಲೂ ಒಳಹೋಗುವುದೆಲ್ಲವೂ ಆಹಾರವೇ, ಅದಕ್ಕೂ ಯೋಗ್ಯಾಯೋಗ್ಯ ವಿವೇಚನೆಯುಂಟು ಎಂಬುದು ಇದರ ತಾತ್ಪರ್ಯ. ಇದಲ್ಲದೆ ಗಂಧ, ರಸ, ರೂಪ, ಸ್ಪರ್ಶ, ಶಬ್ದಗಳೆಂಬ ಐದರ ಮೇಲೆ ತೃಪ್ತಿಯೆಂಬ ಆರನೆಯದನ್ನಿರಿಸಿ, ಅದನ್ನು ಮಹಾಲಿಂಗಕ್ಕೆ ಅರ್ಪಿಸಬೇಕೆಂದು ಶಾಸ್ತ್ರವು ಹೇಳುತ್ತದೆ. ತೃಪ್ತಿಯಲ್ಲಿ ಪರ್ಯವಸಾನವಾಗದ ಭೋಗವು ಅರ್ಪಿತವೇ ಆಗಲಾರದು.

ಇಂದಿನ ಸಾಮಾಜಿಕ ಜಾಲತಾಣಗಳ ರಚನೆಯನ್ನು ಈ ತತ್ತ್ವದ ಬೆಳಕಿನಲ್ಲಿ ನೋಡಬೇಕು. ಪುಸ್ತಕಕ್ಕೆ ಕೊನೆಯ ಪುಟವುಂಟು, ಪುರಾಣಕ್ಕೆ ಮಂಗಳವುಂಟು, ಜಾತ್ರೆಗೆ ತೇರು ಮನೆಗೆ ಬರುವ ಹೊತ್ತುಂಟು. ಜಾಲತಾಣದ ಪುಟಕ್ಕೆ ಮಾತ್ರ ಕೊನೆಯೆಂಬುದಿಲ್ಲ. ಬೆರಳಾಡಿಸಿದಷ್ಟೂ ಅದು ಕೆಳಕ್ಕೆ ಬೆಳೆಯುತ್ತದೆ. ಒಂದು ವಿಡಿಯೋ ಮುಗಿಯುವ ಮೊದಲೇ ಇನ್ನೊಂದು ಸಿದ್ಧವಾಗಿರುತ್ತದೆ. ಮಗುವಿನ ಕಣ್ಣು ಯಾವ ಚಿತ್ರದ ಮೇಲೆ ಎಷ್ಟು ಹೊತ್ತು ನಿಂತಿತೆಂಬುದನ್ನು ಗಣಕಯಂತ್ರವು ಲೆಕ್ಕವಿಡುತ್ತದೆ, ಅಂಥದನ್ನೇ ಮತ್ತಷ್ಟು ತಂದು ಬಡಿಸುತ್ತದೆ. ನೋಡುವ ಹೊತ್ತು ಹೆಚ್ಚಿದಂತೆ ಜಾಹೀರಾತಿನ ಆದಾಯವೂ ಹೆಚ್ಚುವುದರಿಂದ, ಉಣ್ಣುವವನು ಸಾಕೆನ್ನದಿರುವುದೇ ಬಡಿಸುವವನ ಲಾಭವಾಗಿದೆ. ರೂಪವುಂಟು, ಶಬ್ದವುಂಟು, ತೃಪ್ತಿಯೊಂದಿಲ್ಲ. ತೃಪ್ತಿಯು ಬಾರದಂತೆ ಬುದ್ಧಿಪೂರ್ವಕವಾಗಿ ಕಟ್ಟಿದ ಎಲೆಯಿದು.

ಇದರ ಪರಿಣಾಮವು ಎಷ್ಟು ದಾರುಣವಾಗಬಹುದೆಂಬುದಕ್ಕೆ ಇಂಗ್ಲೆಂಡಿನಲ್ಲಿ ನಡೆದ ಒಂದು ಸಂಗತಿ ನಿದರ್ಶನವಾಗಿದೆ. 2017ರಲ್ಲಿ ಲಂಡನ್ನಿನ 14 ವರ್ಷದ ಬಾಲಕಿಯೊಬ್ಬಳು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ಮನೆಯವರಿಗೆ ಅವಳಲ್ಲಿ ವಿಶೇಷವಾದ ವ್ಯತ್ಯಾಸವೇನೂ ಕಂಡಿರಲಿಲ್ಲ. ತರುವಾಯ ನಡೆದ ವಿಚಾರಣೆಯಲ್ಲಿ, ಕೊನೆಯ ಆರು ತಿಂಗಳಲ್ಲಿ ಅವಳು ಇನ್‌ಸ್ಟಾಗ್ರಾಂನಲ್ಲಿ ಮೆಚ್ಚಿದ, ಉಳಿಸಿಕೊಂಡ ಅಥವಾ ಹಂಚಿಕೊಂಡ ಸುಮಾರು 16,300 ಅಂಶಗಳಲ್ಲಿ ಸುಮಾರು 2,100 ಖಿನ್ನತೆಗೂ ಆತ್ಮಹಾನಿಗೂ ಸಂಬಂಧಿಸಿದವಾಗಿದ್ದುವೆಂಬುದು ಹೊರಬಂದಿತು. ಖಿನ್ನತೆಯೊಡನೆ ಜಾಲತಾಣದ ಇಂಥ ವಿಷಯಗಳ ದುಷ್ಪರಿಣಾಮವೂ ಸೇರಿ ಅವಳ ಮರಣಕ್ಕೆ ಕಾರಣವಾಯಿತೆಂದು 2022ರ ಸೆಪ್ಟೆಂಬರಿನಲ್ಲಿ ವಿಚಾರಣಾಧಿಕಾರಿಯು ನಿರ್ಣಯಿಸಿದರು. ದುಃಖದಲ್ಲಿದ್ದ ಮಗುವಿಗೆ ಯಂತ್ರವು ಮತ್ತಷ್ಟು ದುಃಖವನ್ನೇ ಬಡಿಸಿತು. ಅದಕ್ಕೆ ದ್ವೇಷವಿರಲಿಲ್ಲ, ಕರುಣೆಯೂ ಇರಲಿಲ್ಲ; ಎಣಿಕೆಯೊಂದೇ ಇತ್ತು. ದಯೆಯೇ ಧರ್ಮದ ಬೇರೆಂದು ನಂಬಿದವರು ಈ ಸಂಗತಿಯನ್ನು ಕೇಳಿ ಸುಮ್ಮನಿರುವುದು ಹೇಗೆ?

ಆ ಬಾಲಕಿಯೇ ಸಾಕೆನ್ನಬಹುದಿತ್ತಲ್ಲವೇ ಎಂದು ಕೆಲವರು ಕೇಳುವರು. ಇದಕ್ಕೆ ವೀರಶೈವ ಸಂಪ್ರದಾಯವೇ ಉತ್ತರವನ್ನಿತ್ತಿದೆ. ಶಿಶುವಿಗೆ ಲಿಂಗಧಾರಣವಾದಾಗ ಅದಕ್ಕೆ ಲಿಂಗದ ಅರಿವಿರುವುದಿಲ್ಲ. ಆ ಲಿಂಗವನ್ನು ತಾಯಿಯೇ ಜೋಪಾನ ಮಾಡುತ್ತಾಳೆ. ಮಗುವಿಗೆ ತಕ್ಕ ವಯಸ್ಸು ಬಂದ ಮೇಲೆ ಗುರುವು ದೀಕ್ಷೆಯನ್ನಿತ್ತು, ಪೂಜೆಯ ವಿಧಾನವನ್ನು ಕಲಿಸಿ, ಅಲ್ಲಿಂದ ಮುಂದೆ ಅದರ ಹೊಣೆಯನ್ನು ಮಗುವಿನ ಕೈಗೇ ಒಪ್ಪಿಸುತ್ತಾನೆ. ಮೊದಲು ರಕ್ಷಣೆ, ಬಳಿಕ ಅರಿವು, ಅನಂತರ ಹೊಣೆ, ಇದು ಕ್ರಮ. ಹೊಣೆಯನ್ನು ಮೊದಲು ಹೊರಿಸಿ, ಅರಿವು ತಾನಾಗಿ ಬರಲಿ, ರಕ್ಷಣೆಯನ್ನು ದೈವವೇ ನೋಡಿಕೊಳ್ಳಲಿ ಎಂಬುದು ಕ್ರಮವಲ್ಲ. ಕೊನೆಯಿಲ್ಲದ ಪುಟವನ್ನು ಸಾವಿರಾರು ಪ್ರಾಜ್ಞರು ಸೇರಿ ಕಟ್ಟಿರುವಾಗ, ಅದರೆದುರು ಹತ್ತು ವರ್ಷದ ಮಗುವನ್ನು ಒಂಟಿಯಾಗಿ ಕೂರಿಸಿ, ‘ನಿನಗೆ ನಿಗ್ರಹವಿಲ್ಲ’ ಎಂದು ಬೈಯುವುದು ಹಿರಿತನವೆನಿಸದು.

ಹಾಗಾದರೆ ಲಕ್ಕಮ್ಮನವರ ಪ್ರಶ್ನೆಯನ್ನು ಮೊದಲು ಕೇಳಬೇಕಾದುದು ಅಂಗಳದ ಒಡೆಯರನ್ನು. ಕಂಪನಿಗಳು ಅದನ್ನು ತಾವಾಗಿ ಕೇಳಿಕೊಳ್ಳದಿದ್ದರೆ ಪ್ರಜೆಗಳ ಪರವಾಗಿ ರಾಜ್ಯವು ಕೇಳಬೇಕು. ಪಂಚಾಚಾರಗಳಲ್ಲಿ ಇದು ಗಣಾಚಾರದ ನೆಲೆ. ತನಗೊಬ್ಬನಿಗೆ ಕೇಡಾಗಲಿಲ್ಲವೆಂದು ಸುಮ್ಮನಿರದೆ, ಸಮುದಾಯಕ್ಕೊದಗಿದ ಅನ್ಯಾಯವನ್ನು ಸೈರಿಸದಿರುವುದೇ ಗಣಾಚಾರ. ದೇಶದೇಶಗಳು ಈಚೆಗೆ ಮಾಡಿರುವ ಕಾನೂನುಗಳು ಇದೇ ಆಚಾರದ ಇಂದಿನ ರೂಪವೆಂದು ಭಾವಿಸಬಹುದು.

ಅಮೆರಿಕೆಯು 1998ರಲ್ಲಿಯೇ ಒಂದು ಕಾನೂನನ್ನು ಮಾಡಿ, 13 ವರ್ಷಕ್ಕೆ ಕೆಳಗಿನ ಮಕ್ಕಳ ವಿವರಗಳನ್ನು ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಸಂಗ್ರಹಿಸಲಾಗದೆಂದು ವಿಧಿಸಿತು. ಅನೇಕ ಜಾಲತಾಣಗಳು 13 ವರ್ಷವನ್ನು ಗಡಿಯಾಗಿಟ್ಟುಕೊಂಡಿರುವುದು ಇದರಿಂದಲೇ. ಆದರೆ ಸುಳ್ಳು ಜನ್ಮದಿನಾಂಕವೊಂದರಿಂದ ತೆರೆಯುವ ಬಾಗಿಲಿಗೆ ಅಗುಳಿಯಿದ್ದೂ ಇಲ್ಲದಂತೆಯೇ. ಬ್ರಿಟನ್ ದೇಶವು 2023ರಲ್ಲಿ ಆನ್‌ಲೈನ್ ಸುರಕ್ಷತಾ ಕಾಯಿದೆಯನ್ನು ಮಾಡಿತು. ಅಶ್ಲೀಲ ತಾಣಗಳು ನೋಡುಗರ ವಯಸ್ಸನ್ನು ನಿಜವಾಗಿ ಪರೀಕ್ಷಿಸಬೇಕು, ಆತ್ಮಹಾನಿಯನ್ನು ಪ್ರೇರಿಸುವ ವಿಷಯಗಳು ಮಕ್ಕಳ ಮುಂದೆ ಬಾರದಂತೆ ತಡೆಯಬೇಕು ಎಂಬ ಹೊಣೆಗಳು 2025ರ ಜುಲೈ ತಿಂಗಳಿಂದ ಜಾರಿಗೆ ಬಂದುವು. ತಪ್ಪಿದ ಕಂಪನಿಗೆ 1 ಕೋಟಿ 80 ಲಕ್ಷ ಪೌಂಡು ಅಥವಾ ಅದರ ಜಾಗತಿಕ ವರಮಾನದ ಶೇಕಡಾ 10, ಇವುಗಳಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ. ಆಸ್ಟ್ರೇಲಿಯವು ಇನ್ನೂ ಮುಂದೆ ಹೋಗಿ, 16 ವರ್ಷ ತುಂಬದವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯನ್ನು ಹೊಂದುವಂತಿಲ್ಲವೆಂದು 2024ರ ನವೆಂಬರಿನಲ್ಲಿ ಶಾಸನ ಮಾಡಿತು. 2025ರ ಡಿಸೆಂಬರ್ 10ರಂದು ಅದು ಜಾರಿಯಾಯಿತು. ದಂಡವು 4 ಕೋಟಿ 95 ಲಕ್ಷ ಆಸ್ಟ್ರೇಲಿಯನ್ ಡಾಲರುಗಳವರೆಗೆ ಉಂಟು. ಆ ದಂಡವು ಮಗುವಿಗಾಗಲಿ ತಂದೆತಾಯಿಗಳಿಗಾಗಲಿ ಅಲ್ಲ, ಕಂಪನಿಗೆ ಮಾತ್ರ. ಹೆಚ್ಚಿನ ಅಕ್ಕಿಯನ್ನು ಕೊಂಡುಹೋದವರೇ ಹಿಂದಕ್ಕೆ ಸುರಿಯಬೇಕೆಂಬ ನ್ಯಾಯ ಇದರಲ್ಲಿದೆ.

ಭಾರತ ದೇಶವೂ ಈ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತಿಲ್ಲ. ಮಕ್ಕಳ ಅಶ್ಲೀಲ ಚಿತ್ರಗಳನ್ನು ಪ್ರಕಟಿಸುವುದೂ ಹುಡುಕಿ ನೋಡುವುದೂ ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಂತೆ ಅಪರಾಧ. 2012ರ ಪೋಕ್ಸೊ ಕಾಯಿದೆಯೂ ಅದನ್ನು ದಂಡಿಸುತ್ತದೆ. ಅಂಥ ಚಿತ್ರಗಳನ್ನು ನೋಡುವುದೂ ಇಟ್ಟುಕೊಳ್ಳುವುದೂ ಕ್ಷಮ್ಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರ ವಿವರಗಳನ್ನು ಬಳಸಲು ತಂದೆತಾಯಿಗಳ ಪರಿಶೀಲಿತ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ನಡೆಯ ಬೆನ್ನುಹತ್ತಿ ನೋಡುವುದನ್ನೂ, ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ನಿಷೇಧಿಸುತ್ತದೆ. ಉಲ್ಲಂಘನೆಗೆ 200 ಕೋಟಿ ರೂಪಾಯಿಗಳವರೆಗೆ ದಂಡವುಂಟು. ಇದರ ನಿಯಮಾವಳಿಯು 2025ರ ನವೆಂಬರಿನಲ್ಲಿ ಪ್ರಕಟವಾಯಿತು. ಕಂಪನಿಗಳ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಅವಧಿಯನ್ನು ಕೊಡಲಾಯಿತು. ಮಗುವಿನಿಂದ ಆಯ್ದುಕೊಂಡ ವಿವರವೂ ಅಕ್ಕಿಯೇ ಅಲ್ಲವೇ? ಬೇಕಾದುದಕ್ಕಿಂತ ಹೆಚ್ಚು ಆಯಬಾರದೆಂಬುದು ಆಯ್ದಕ್ಕಿಯ ದಂಪತಿಗಳ ಬಾಳು ಎಂಟುನೂರು ವರ್ಷಗಳ ಹಿಂದೆಯೇ ತೋರಿದ ನೀತಿ.

ಆದರೆ ಕಾನೂನೊಂದರಿಂದಲೇ ಕಾರ್ಯಸಿದ್ಧಿಯಾಗುವುದೆಂದು ನಂಬುವುದು ಭ್ರಮೆ. ದಕ್ಷಿಣ ಕೊರಿಯಾ ದೇಶವು 2011ರಲ್ಲಿ 16 ವರ್ಷದೊಳಗಿನವರು ನಡುರಾತ್ರಿಯಿಂದ ಬೆಳಗಿನ ಆರು ಗಂಟೆಯವರೆಗೆ ಆನ್‌ಲೈನ್ ಆಟಗಳನ್ನಾಡದಂತೆ ನಿರ್ಬಂಧಿಸಿತು. ಮಕ್ಕಳು ಹಿರಿಯರ ಗುರುತಿನ ಸಂಖ್ಯೆಯಿಂದ ಒಳಹೊಕ್ಕರು. ಕಾನೂನು ಗಣಕಯಂತ್ರದ ಆಟಗಳನ್ನು ಕಾಯುತ್ತಿರುವಾಗ ಆಟವೇ ಮೊಬೈಲಿಗೆ ಹೋಯಿತು. ಹತ್ತು ವರ್ಷಗಳ ಅನಂತರ ಆ ಸರಕಾರವು ಅದನ್ನು ಹಿಂತೆಗೆದುಕೊಂಡಿತು. ಇನ್ನೊಂದು ತೊಡಕೂ ಉಂಟು. ಮಕ್ಕಳನ್ನು ಗುರುತಿಸಬೇಕಾದರೆ ಎಲ್ಲರ ವಯಸ್ಸನ್ನೂ ಕೇಳಬೇಕು. ಅದಕ್ಕಾಗಿ ಮುಖದ ಚಿತ್ರವನ್ನೋ ಗುರುತಿನ ಪತ್ರವನ್ನೋ ಒಪ್ಪಿಸಬೇಕು. ಅತಿಯಾಗಿ ಆಯುವವರನ್ನು ತಡೆಯಲು ಹೊರಟು, ಅವರ ಚೀಲಕ್ಕೇ ಮತ್ತೊಂದು ಹಿಡಿ ಅಕ್ಕಿಯನ್ನು ಹಾಕಿದಂತಾಗಬಾರದು. ಅಷ್ಟೇ ಅಲ್ಲದೆ, ಮಕ್ಕಳಿಗೆ ತಿಳಿವಳಿಕೆಯನ್ನು ಪಡೆಯುವ ಹಕ್ಕುಂಟೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಸಾರುತ್ತದೆ. 1992ರಲ್ಲಿ ಭಾರತವೂ ಅದಕ್ಕೆ ಸಮ್ಮತಿಸಿದೆ. ರಕ್ಷಣೆಯ ಹೆಸರಿನಲ್ಲಿ ಅರಿವಿನ ಬಾಗಿಲನ್ನೇ ಮುಚ್ಚುವುದು ಶರಣಧರ್ಮಕ್ಕೆ ಒಪ್ಪುವುದಿಲ್ಲ. ಹೆಣ್ಣೆಂದು, ಕೀಳುಕುಲವೆಂದು, ಕಿರಿಯರೆಂದು ಅರಿವನ್ನು ನಿರಾಕರಿಸಿದ ಕಾಲದಲ್ಲಿ ಅದನ್ನು ಎಲ್ಲರಿಗೂ ತೆರೆದವರು ಆ ಶರಣರು.

ಆದುದರಿಂದ ಕಾನೂನು ಹೊಲದ ಬೇಲಿ. ಬೇಲಿಯಿಲ್ಲದಿದ್ದರೆ ದನ ನುಗ್ಗುವುದು ನಿಶ್ಚಯ. ಬೇಲಿಯಿದ್ದ ಮಾತ್ರಕ್ಕೆ ಪೈರು ಬೆಳೆಯದೆಂಬುದೂ ಅಷ್ಟೇ ನಿಶ್ಚಯ. ಇನ್ನುಳಿದುದು ಮನೆಯ ಕೆಲಸ. ಲಕ್ಕಮ್ಮನವರು ಆ ಪ್ರಶ್ನೆಯನ್ನು ಕೇಳಿದುದು ನ್ಯಾಯಸ್ಥಾನದಲ್ಲಿ ಅಲ್ಲ, ತಮ್ಮ ಮನೆಯಲ್ಲಿ.

ಮನೆಯಲ್ಲಿ ಮೊದಲು ಕೇಳಬೇಕಾದುದು ಹಿರಿಯರನ್ನೇ. ಉಣ್ಣುವಾಗ ತಂದೆಯ ಕಣ್ಣು ಫೋನಿನ ಮೇಲೆ, ಒಲೆಯ ಮುಂದೆ ತಾಯಿಯ ಕಣ್ಣು ಫೋನಿನ ಮೇಲೆ, ಅತ್ತ ಕೂಸಿಗೆ ತುತ್ತಿಡಲು ಮತ್ತೊಂದು ಫೋನು ಎಂಬಂತಾದರೆ, ಆ ಮನೆಯಲ್ಲಿ ಮಿತಿಯ ಉಪದೇಶವು ನಗೆಪಾಟಲಾಗುತ್ತದೆ. ನುಡಿದಂತೆ ನಡೆಯುವುದು ಶರಣರ ಮೊದಲ ಶೀಲ. ಉಣ್ಣುವ ಹೊತ್ತು, ಲಿಂಗಪೂಜೆಯ ಹೊತ್ತು, ಮಲಗುವ ಹೊತ್ತು, ಈ ಮೂರು ವೇಳೆಗಳಲ್ಲಿ ಮನೆಮಂದಿಯೆಲ್ಲರ ಫೋನುಗಳೂ ಒಂದೆಡೆ ಇರತಕ್ಕದ್ದೆಂದು ನೇಮ ಮಾಡಿಕೊಂಡರೆ ಅದು ಮಕ್ಕಳಿಗೆ ಶಿಕ್ಷೆಯಾಗಿ ತೋರುವುದಿಲ್ಲ, ಮನೆಯ ಆಚಾರವಾಗಿ ತೋರುತ್ತದೆ. ಹೇರಿದ ನಿಷೇಧಕ್ಕೂ ಕೂಡಿ ಹಿಡಿದ ನೇಮಕ್ಕೂ ಇರುವ ಅಂತರವಿದು.

ಎಲ್ಲಕ್ಕಿಂತ ಮಿಗಿಲಾದ ಮಾತೊಂದುಂಟು. ಅದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಹದಿಮೂರು ವರ್ಷದ ಬಾಲಕಿಯೊಬ್ಬಳನ್ನು ಭಾವಿಸಬೇಕು. ಜಾಲತಾಣದಲ್ಲಿ ತನ್ನ ವಯಸ್ಸಿನವಳೇ ಎಂದು ಹೇಳಿಕೊಂಡು ಒಬ್ಬರು ಪರಿಚಯವಾಗುತ್ತಾರೆ. ದಿನವೂ ಸವಿಮಾತು, ಹೊಗಳಿಕೆ. ತಿಂಗಳೊಪ್ಪತ್ತಿನಲ್ಲಿ ಒಂದು ಭಾವಚಿತ್ರವನ್ನು ಕೇಳುತ್ತಾರೆ. ಮಗು ನಂಬಿ ಕಳುಹಿಸುತ್ತದೆ. ಮರುದಿನವೇ ಮಾತಿನ ಬಣ್ಣ ಬದಲಾಗುತ್ತದೆ: ಇನ್ನೂ ಚಿತ್ರ ಕಳುಹಿಸು, ಇಲ್ಲವಾದರೆ ಇದನ್ನೇ ಊರಿಗೆಲ್ಲ ತೋರಿಸುವೆ. ಅತ್ತ ಇರುವುದು ಹುಡುಗಿಯಲ್ಲ, ವಂಚಕನಾದ ಪ್ರಾಯಸ್ಥನೆಂಬುದು ಆಗ ತಿಳಿಯುತ್ತದೆ. ಮಗುವಿಗೆ ಅನ್ನ ಸೇರದು, ನಿದ್ರೆ ಬಾರದು. ಒಂದು ಸಂಜೆ ಧೈರ್ಯ ತಂದುಕೊಂಡು ತಾಯಿಯ ಬಳಿಗೆ ಹೋಗುತ್ತಾಳೆ.

‘ಅವ್ವಾ, ನಿನ್ನ ಹತ್ತಿರ ಒಂದು ಮಾತು ಹೇಳಬೇಕಿತ್ತು.’

‘ಮೊದಲು ಆ ಫೋನು ಕೆಳಗಿಡು. ಅದರಲ್ಲೇನಾದರೂ ಹಾಳು ಕೆಲಸ ಮಾಡಿದ್ದು ತಿಳಿದರೆ ನಿಮ್ಮಪ್ಪ ನಿನ್ನನ್ನು ಶಾಲೆ ಬಿಡಿಸುತ್ತಾರೆ ನೋಡು.’

‘ಏನೂ ಇಲ್ಲ, ಅವ್ವಾ.’

ಮಗು ಹಿಂದಿರುಗುತ್ತದೆ. ತಾಯಿಯು ಕೆಟ್ಟವಳಲ್ಲ, ಮಗಳ ಹಿತವನ್ನೇ ಬಯಸಿ ಗದರಿದವಳು. ಆದರೆ ಆ ಒಂದು ಮಾತಿನಿಂದ ಮಗುವಿಗೆ ಉಳಿದಿದ್ದ ಒಂದೇ ಬಾಗಿಲು ಮುಚ್ಚಿತು; ವಂಚಕನ ಕೈಯಲ್ಲಿ ಮಗುವೊಂದೇ ಉಳಿಯಿತು. ದೇಶದ ಕಾನೂನುಗಳೆಲ್ಲವೂ ಆ ಗಳಿಗೆಯಲ್ಲಿ ಹೊಸ್ತಿಲಿನಾಚೆಗೇ ನಿಂತುವು; ಏಕೆಂದರೆ ಮಗುವು ನುಡಿಯದೆ ಕಾನೂನಿಗೆ ಕಿವಿಯಿಲ್ಲ. ವಂಚಕನ ಬಲವು ಅವನ ಯಂತ್ರದಲ್ಲಿಲ್ಲ. ಮನೆಯವರ ಸಿಟ್ಟಿನ ವಿಷಯದಲ್ಲಿ ಮಗುವಿಗಿರುವ ಭಯದಲ್ಲಿದೆ.

ಶರಣು ಎಂಬ ಶಬ್ದದಿಂದಲೇ ಈ ಧರ್ಮದ ವಂದನೆಯು ಮೊದಲಾಗುತ್ತದೆ. ಮರೆಹೊಕ್ಕವರನ್ನು ತಳ್ಳದಿರುವುದೇ ಅದರ ಅರ್ಥ. ತಪ್ಪಿ ನಡೆದವರನ್ನೂ, ಕಳ್ಳರನ್ನೂ ಅಪ್ಪಿಕೊಂಡು ಶರಣರನ್ನಾಗಿ ಮಾಡಿದ ಬಸವಣ್ಣನವರ ಮಹಾಮನೆಯ ಕಥೆಗಳನ್ನು ಕೇಳಿ ಕಣ್ಣೀರಿಡುವ ಭಕ್ತರ ಮನೆಯಲ್ಲಿ, ತನ್ನ ಮಗುವಿಗೇ ಮರೆಯಿಲ್ಲವೆಂದರೆ ಅದೆಂತಹ ಭಕ್ತಿ? ‘ಏನೇ ಆಗಿರಲಿ ಹೇಳು, ಮಗಳೇ, ತಪ್ಪು ಆ ಮೋಸಗಾರನದು, ನಿನ್ನದಲ್ಲ’ ಎಂಬ ಅಭಯವಚನವನ್ನು ಪ್ರತಿಯೊಬ್ಬ ತಂದೆತಾಯಿಯೂ ಕಷ್ಟ ಬರುವ ಮೊದಲೇ ಮಕ್ಕಳಿಗೆ ಕೊಟ್ಟಿರಬೇಕು. ಕಷ್ಟ ಬಂದಾಗ ಕೊಡುವೆನೆಂದರೆ ಅದು ತಡವಾಯಿತು. ಮಠದ ಶಾಲೆಗಳ ಉಪಾಧ್ಯಾಯರಿಗೂ ಇದೇ ಮಾತು ಸಲ್ಲುತ್ತದೆ.

ಮಗುವು ಬಂದು ಹೇಳಿದ ಮೇಲೆ ಮಾಡತಕ್ಕುದು ಕಠಿಣವೇನಲ್ಲ. ವಂಚಕನಿಗೆ ಹಣವನ್ನಾಗಲಿ ಮತ್ತೊಂದು ಚಿತ್ರವನ್ನಾಗಲಿ ಕಳುಹಿಸಕೂಡದು. ಬಂದ ಸಂದೇಶಗಳನ್ನು ಅಳಿಸದೆ ಸಾಕ್ಷ್ಯವಾಗಿ ಉಳಿಸಬೇಕು. ಹಗಲಿರುಳೂ ಉತ್ತರಿಸುವ 1098 ಎಂಬ ಮಕ್ಕಳ ಸಹಾಯವಾಣಿಯುಂಟು. ಕೇಂದ್ರ ಗೃಹ ಮಂತ್ರಾಲಯದ ಸೈಬರ್ ಅಪರಾಧ ದೂರು ತಾಣದಲ್ಲಿ, ಮಕ್ಕಳ ಅಶ್ಲೀಲ ಚಿತ್ರಗಳ ವಿಷಯವಾಗಿ ಹೆಸರನ್ನು ತಿಳಿಸದೆಯೂ ದೂರು ಕೊಡಬಹುದು. ಮಗುವಿನ ಹೆಸರು ವಿವರಗಳನ್ನು ಪತ್ರಿಕೆಗಳಲ್ಲಿ ಬಯಲುಮಾಡುವುದನ್ನು ಪೋಕ್ಸೊ ಕಾಯಿದೆಯು ನಿಷೇಧಿಸಿದೆ. ಮಾನಹೋಗುವುದೆಂದು ಮುಚ್ಚಿಡುವ ಅಗತ್ಯವಿಲ್ಲ. ಇಂಥ ಅಪರಾಧವನ್ನು ಅರಿತವರು ಪೋಲೀಸರಿಗೆ ತಿಳಿಸಲೇಬೇಕೆಂದೂ ಅದೇ ಕಾಯಿದೆ ವಿಧಿಸಿದೆ. ಮೌನವು ಅಲ್ಲಿ ಮರ್ಯಾದೆಯಲ್ಲ, ಅಪರಾಧಿಗೆ ಇತ್ತ ನೆರವು.

ಹೀಗೆ ರಾಜ್ಯವು ಕಂಪನಿಯನ್ನು ಕೇಳಲಿ, ಮನೆಯು ತನ್ನನ್ನು ತಾನು ಕೇಳಿಕೊಳ್ಳಲಿ. ಇವೆರಡರ ಗುರಿಯಾದರೂ ಮೂರನೆಯದು: ಬೆಳೆದ ಮಗುವು ಒಂದು ದಿನ, ಯಾರೂ ನೋಡದಿರುವಾಗ, ಕೊನೆಯಿಲ್ಲದ ಆ ಪುಟದ ಮುಂದೆ ಬೆರಳನ್ನು ನಿಲ್ಲಿಸಿ, ‘ಇಷ್ಟು ಬೇಕೆ?’ ಎಂದು ತನ್ನನ್ನೇ ಕೇಳಿಕೊಳ್ಳುವಂತಾಗಬೇಕು. ತಾಯಿ ಜೋಪಾನ ಮಾಡಿದ ಲಿಂಗವನ್ನು ಮಗುವು ತನ್ನ ಕರಸ್ಥಲಕ್ಕೆ ತಂದುಕೊಳ್ಳುವ ಮುಹೂರ್ತವದು. ಆಗ ಹೊರಗಿನ ನಿಯಮವು ಒಳಗಿನ ನೇಮವಾಗುತ್ತದೆ, ನೇಮವು ಅರಿವಾಗುತ್ತದೆ. ಆ ಅರಿವು ಹುಟ್ಟುವವರೆಗೆ ಬೇಲಿಯನ್ನು ಕಾಯುವುದೂ, ಬಾಗಿಲನ್ನು ತೆರೆದಿಡುವುದೂ ಹಿರಿಯರಿಗೆ ಬಂದ ಕಾಯಕ. ಆ ಕಾಯಕದಲ್ಲಿ ತಪ್ಪದಿರುವ ಬಲವನ್ನು ಪರಶಿವನು ಸಕಲರಿಗೂ ಕರುಣಿಸಲಿ. ಮಕ್ಕಳೆಲ್ಲರೂ ನಿರ್ಭಯರಾಗಿ ಬೆಳೆಯಲಿ.